ಕ್ರಿಯಾಟಿನಿನ್ 1.1 ಇದೆ, ಆದರೂ ಮಗನ ಕಸಿ ಕಿಡ್ನಿಗೆ ಬಯಾಪ್ಸಿ ಬೇಕೆನ್ನುತ್ತಾರೆ. ಒಪ್ಪಬೇಕೇ?

ದಾವಣಗೆರೆ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 27 ವರ್ಷ. ಡಯಾಲಿಸಿಸ್ ಮಾಡಿಸಿಕೊಂಡು ಸೊರಗಿ ಹೋಗಿದ್ದ. ಮೂರು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಕಸಿ ಆಯಿತು. ಕೊಟ್ಟವಳು ನಾನೇ. ನನ್ನ ಎಡಗಡೆಯ ಕಿಡ್ನಿ ಈಗ ಅವನ ಬಲಗಡೆಯ ಕಿಬ್ಬೊಟ್ಟೆಯಲ್ಲಿದೆ. ಸ್ನಾನಕ್ಕೆ ಹೋಗುವಾಗ ಅವನ ಹೊಟ್ಟೆಯ ಮೇಲಿನ ಗಾಯದ ಗೆರೆ ಕಂಡರೆ ಈಗಲೂ ನನ್ನ ಕೈ ನನಗರಿವಿಲ್ಲದೆ ನನ್ನ ಪಕ್ಕೆಗೆ ಹೋಗುತ್ತದೆ.

ಈಗ ಚೆನ್ನಾಗಿದ್ದಾನೆ. ಊಟ ಸೇರುತ್ತಿದೆ, ಮುಖದಲ್ಲಿ ಕಳೆ ಬಂದಿದೆ, ಮೂತ್ರ ಧಾರಾಳವಾಗಿ ಹೋಗುತ್ತಿದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕಳೆದ ವಾರ 1.1, ಸರಿಯಾಗೇ ಇದೆ. ಬಿ.ಪಿ. 130ರ ಆಸುಪಾಸು. ಇಷ್ಟೆಲ್ಲ ಇದ್ದೂ ಡಾಕ್ಟರು, ‘ಮೂರು ತಿಂಗಳಾಯಿತಲ್ಲ, ಒಂದು ಬಯಾಪ್ಸಿ ಮಾಡಿಬಿಡೋಣ’ ಎಂದರು. ತೊಂದರೆ ಏನಾದರೂ ಇದೆಯೇ ಎಂದು ಕೇಳಿದರೆ, ‘ಇಲ್ಲ, ಇದು ನಮ್ಮ ಪದ್ಧತಿ’ ಎಂದಷ್ಟೇ ಹೇಳಿದರು. ಹೊರಗೆ ಇನ್ನೂ ನಲವತ್ತು ಮಂದಿ ಕಾಯುತ್ತಿದ್ದರು, ಹೆಚ್ಚು ಕೇಳಲು ಬಾಯಿ ಬರಲಿಲ್ಲ.

ತೊಂದರೆಯೇ ಇಲ್ಲದ ಕಿಡ್ನಿಗೆ ಸೂಜಿ ಚುಚ್ಚಿ ತುಂಡು ತೆಗೆಯುವುದೇಕೆ? ಇರುವುದೇ ಒಂದು. ರಕ್ತ ಸುರಿದರೆ? ಸೋಂಕು ತಗುಲಿದರೆ? ತೆಗೆದ ತುಂಡಿನಷ್ಟು ಕಿಡ್ನಿ ಕಡಿಮೆಯಾದಂತೆ ಅಲ್ಲವೇ? ರಕ್ತ ಪರೀಕ್ಷೆಯಲ್ಲೇ ಎಲ್ಲ ತಿಳಿಯುವುದಿಲ್ಲವೇ?

ಇನ್ನೂ ಒಂದು ವಿಷಯ ಬರೆಯುತ್ತೇನೆ, ಉಪಯೋಗಕ್ಕೆ ಬಂದೀತು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯ ಮಟ್ಟ ರಕ್ತದಲ್ಲಿ ಒಮ್ಮೆ 9.4, ಮುಂದಿನ ಸಲ 5.8, ಆಮೇಲೆ 10.1 ಬಂದಿದೆ. ಅದೇ ಕೆಲಸಕ್ಕೆ ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್ ಮಾತ್ರೆಗಳೂ ಇವೆ. ಅವನಿಗೆ ಕಿಡ್ನಿ ಏಕೆ ಹೋಯಿತೆಂದು ಕೊನೆಗೂ ತಿಳಿಯಲಿಲ್ಲ. ತೋರಿಸುವ ಹೊತ್ತಿಗೆ ಎರಡೂ ಕುಗ್ಗಿಬಿಟ್ಟಿದ್ದವು.

ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಸಹಿ ಹಾಕುವ ಮೊದಲು ಅರ್ಥ ಮಾಡಿಕೊಳ್ಳಬೇಕು.

ತುಂಗಾತೀರ ಬರೆದದ್ದು:

ಅಮ್ಮ, ನಾನು ಶಿವಮೊಗ್ಗದವನು. ನನಗೆ ಕಿಡ್ನಿ ಕೊಟ್ಟವರೂ ನನ್ನ ತಾಯಿಯೇ. ಮೂರನೇ ತಿಂಗಳಲ್ಲಿ ಒಂದು, ವರ್ಷ ತುಂಬಿದಾಗ ಇನ್ನೊಂದು ಬಯಾಪ್ಸಿ ನನಗೂ ಆಗಿತ್ತು. ಆ ಮೇಜಿನ ಮೇಲೆ ಮಲಗಿದವನು ಹೇಳುವಷ್ಟನ್ನು ಹೇಳುತ್ತೇನೆ.

ನಮ್ಮ ಸ್ವಂತ ಕಿಡ್ನಿಯಾದರೆ ಬೆನ್ನ ಹಿಂದೆ, ಆಳದಲ್ಲಿ ಇರುತ್ತದೆ. ಬೋರಲು ಮಲಗಿಸಿ ಚುಚ್ಚಬೇಕು. ಕಸಿ ಮಾಡಿದ್ದು ಹೊಟ್ಟೆಯ ಮುಂಭಾಗದಲ್ಲಿ, ಚರ್ಮದ ಕೆಳಗೇ ಇರುವುದರಿಂದ ಅಂಗಾತ ಮಲಗಿದರೆ ಸಾಕು. ಅಲ್ಟ್ರಾಸೌಂಡ್ ಯಂತ್ರವನ್ನು ಹೊಟ್ಟೆಯ ಮೇಲಿಟ್ಟು, ಪರದೆಯಲ್ಲಿ ಕಿಡ್ನಿ ನೋಡುತ್ತಲೇ ಸೂಜಿ ಇಳಿಸುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಉರಿಯಿತು. ಆಮೇಲೆ ಒತ್ತಿದಂತೆ ಅನಿಸಿತೇ ಹೊರತು ನೋವಾಗಲಿಲ್ಲ. ‘ಉಸಿರು ಹಿಡಿ’ ಎಂದರು, ಬಂದೂಕಿನ ಕುದುರೆ ಎಳೆದಂತೆ ಟಪ್ ಎಂಬ ಸದ್ದು ಬಂತು. ಆ ಸದ್ದಿಗೇ ನಾನು ಬೆಚ್ಚಿದ್ದು. ಮಗನಿಗೆ ಸದ್ದಿನ ಬಗ್ಗೆ ಮೊದಲೇ ಹೇಳಿಡಿ, ಮೈ ಅಲುಗಾಡಿಸುವುದಿಲ್ಲ.

ಆಮೇಲೆ ಚುಚ್ಚಿದ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಮರಳಿನ ಚೀಲ ಇಟ್ಟು ಮಲಗಿಸಿದರು. ಮಧ್ಯಾಹ್ನದವರೆಗೂ ಕಾಲು ಮಡಿಸಲು ಬಿಡಲಿಲ್ಲ. ಪ್ರತಿ ಸಲ ಮೂತ್ರ ಮಾಡಿದಾಗಲೂ ಬಿಳಿ ಮಗ್ಗಿನಲ್ಲಿ ಹಿಡಿದು ನರ್ಸ್‌ಗೆ ತೋರಿಸಬೇಕಿತ್ತು. ಮೊದಲನೆಯದು ತಿಳಿ ಗುಲಾಬಿ ಬಣ್ಣ, ಎರಡನೆಯದು ಚಹದ ಬಣ್ಣ, ಸಂಜೆಯ ಹೊತ್ತಿಗೆ ಎಂದಿನಂತೆ. ಹೆಪ್ಪುಗಟ್ಟಿದ ರಕ್ತ ಹೋದರೆ, ಮೂತ್ರ ನಿಂತರೆ, ಹೊಟ್ಟೆ ಉಬ್ಬಿ ನೋವಾದರೆ ತಕ್ಷಣ ಹೇಳಬೇಕೆಂದು ಕಟ್ಟಪ್ಪಣೆ ಮಾಡಿದ್ದರು.

ನನ್ನ ಕ್ರಿಯಾಟಿನಿನ್ ಆಗ 1.2. ಮೈಯಲ್ಲಿ ಒಂದು ಲಕ್ಷಣವೂ ಇರಲಿಲ್ಲ. ವರದಿಯಲ್ಲಿ ‘ಬಾರ್ಡರ್‌ಲೈನ್’ ಎಂದು ಬಂತು, ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿರುವ ಅನುಮಾನ ಇದೆ, ಖಚಿತವಿಲ್ಲ. ಮೂರು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಡ್ರಿಪ್ ಹಾಕಿ, ಟ್ಯಾಕ್ರೊಲಿಮಸ್ ಪ್ರಮಾಣ ಏರಿಸಿದರು. ವರ್ಷದ ಬಯಾಪ್ಸಿ ಸ್ವಚ್ಛವಾಗಿತ್ತು. ಮೂರನೇ ತಿಂಗಳಲ್ಲಿ ನೋಡದೇ ಬಿಟ್ಟಿದ್ದರೆ ಏನಾಗುತ್ತಿತ್ತೋ ಯಾರೂ ಹೇಳಲಾರರು. ಆದರೆ ನನ್ನ ತಾಯಿ ಕೊಟ್ಟದ್ದನ್ನು ಡಾಕ್ಟರು ಕಣ್ಣಿಟ್ಟು ಕಾಯುತ್ತಿದ್ದಾರೆ ಎಂಬ ಧೈರ್ಯ ನನಗೆ ಬಂತು.

ಮಲಪ್ರಭಾ ಬರೆದದ್ದು:

ನನ್ನ ಯಜಮಾನರಿಗೆ ಕಸಿ ಆದ ಕಡೆ ಹೀಗೆ ಎಲ್ಲರಿಗೂ ಬಯಾಪ್ಸಿ ಮಾಡುವುದಿಲ್ಲ. ಕ್ರಿಯಾಟಿನಿನ್ ಏರಿದರೆ, ಇಲ್ಲವೇ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಮಾತ್ರ. ನಾವೂ ಕೇಳಿದ್ದೆವು. ‘ಈಗಿನ ಔಷಧಗಳಲ್ಲಿ ಗುಪ್ತ ರಿಜೆಕ್ಷನ್, ಅಂದರೆ ಹೊರಗೆ ಕಾಣದಂತೆ ದೇಹ ಕಿಡ್ನಿಯನ್ನು ತಿರಸ್ಕರಿಸುವುದು, ಕಡಿಮೆ, ಅಪಾಯ ಹೆಚ್ಚಿರುವವರಿಗೆ ಮಾತ್ರ ಮಾಡುತ್ತೇವೆ’ ಎಂದರು. ಯಜಮಾನರು ಆರಾಮವಾಗಿದ್ದಾರೆ. ಆದ್ದರಿಂದ ಮಾಡಿಸದಿದ್ದರೆ ಕಿಡ್ನಿ ಹೋಗಿಯೇ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ ಅಕ್ಕ.

ಖರ್ಚಿನ ವಿಚಾರವನ್ನೂ ಮೊದಲೇ ಕೇಳಿಕೊಳ್ಳಿ. ಸೂಜಿ ಹಾಕುವ ಖರ್ಚು ಬೇರೆ, ಲ್ಯಾಬಿನ ಖರ್ಚು ಬೇರೆ ಎಂದು ಎರಡು ಬಿಲ್ ಬರುವುದುಂಟು. ಸರ್ಕಾರದ ಯೋಜನೆಯಲ್ಲಿ ಕಸಿ ಆಗಿದ್ದರೆ, ಬಯಾಪ್ಸಿ ಅದರಲ್ಲಿ ಸೇರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ವಿಚಾರಿಸಿ.

ಸ್ಲೈಡ್ ನೋಡುವವಳು ಬರೆದದ್ದು:

ಅಮ್ಮ, ನಾನು ಪೆಥಾಲಜಿಸ್ಟ್. ಮಂಗಳೂರಿನಲ್ಲಿ ಕೆಲಸ. ಕಿಡ್ನಿ ಬಯಾಪ್ಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುವುದೇ ನನ್ನ ಕಸುಬು. ರೋಗಿಯ ಮುಖ ನಾವು ನೋಡುವುದಿಲ್ಲ, ತುಣುಕು ಮಾತ್ರ ನಮ್ಮ ಕೈಗೆ ಬರುತ್ತದೆ. ಆದರೆ ಅದರ ಜೊತೆಗಿನ ಕಾಗದದಲ್ಲಿ ‘ದಾನಿ: ತಾಯಿ’ ಎಂದಿರುತ್ತದೆ. ನಮ್ಮ ದೇಶದಲ್ಲಿ ಆ ಸಾಲನ್ನು ಎಷ್ಟು ಸಲ ಓದುತ್ತೇವೆ ಎಂದರೆ, ನಿಮ್ಮ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗಲು ನನ್ನಿಂದ ಆಗಲಿಲ್ಲ.

ಮೊದಲು ನಿಮ್ಮ ಭಯಕ್ಕೆ ಉತ್ತರ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಗ್ಲೊಮೆರುಲಸ್‌ಗಳಿರುತ್ತವೆ. ರಕ್ತವನ್ನು ಸೋಸುವ ಸಣ್ಣ ರಕ್ತನಾಳಗಳ ಗೊಂಚಲುಗಳಿವು. ನಾವು ತೆಗೆಯುವ ತುಣುಕು ದಾರದಷ್ಟು ತೆಳು, ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರ್ ಉದ್ದ. ಎರಡು ತುಣುಕು ತೆಗೆದರೂ ಅದರಲ್ಲಿ ಇಪ್ಪತ್ತೋ ಮೂವತ್ತೋ ಗ್ಲೊಮೆರುಲಸ್‌ಗಳು ಸಿಗುತ್ತವೆ. ನೀವು ಕೊಟ್ಟದ್ದರಲ್ಲಿ ಲೆಕ್ಕಕ್ಕೆ ಸಿಗುವಷ್ಟು ಕಡಿಮೆಯಾಗುವುದಿಲ್ಲ.

ರಕ್ತಸ್ರಾವದ ಅಪಾಯ ಇಲ್ಲವೆಂದು ನಾನು ಹೇಳುವುದಿಲ್ಲ. ತುಂಗಾತೀರ ಅವರು ಹೇಳಿದ ಗುಲಾಬಿ ಮೂತ್ರ ಕೆಲವರಿಗೆ ಆಗುತ್ತದೆ, ಬಹುಪಾಲು ತಾನೇ ನಿಲ್ಲುತ್ತದೆ. ಆರೋಗ್ಯವಾಗಿರುವ ಕಸಿ ಕಿಡ್ನಿಗಳಿಗೆ ಮಾಡಿದ 2,127 ಬಯಾಪ್ಸಿಗಳ ಲೆಕ್ಕ ಹಲವು ಕೇಂದ್ರಗಳಿಂದ ಒಟ್ಟುಗೂಡಿ 2003ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಕಳೆದುಹೋದದ್ದು ಒಂದು ಕಿಡ್ನಿ. ರಕ್ತ ಕೊಡಬೇಕಾಗಿ ಬಂದದ್ದು, ರಕ್ತಸ್ರಾವ ನಿಲ್ಲಿಸಲು ಕೈಹಾಕಬೇಕಾಗಿ ಬಂದದ್ದು ಬೆರಳೆಣಿಕೆಯಷ್ಟು. ಆ ಒಂದು ಕಿಡ್ನಿಯೂ ಯಾರದ್ದೋ ಮನೆಯದೇ. ಆದ್ದರಿಂದಲೇ ಬಿ.ಪಿ. ಹತೋಟಿಯಲ್ಲಿದೆಯೇ, ಪ್ಲೇಟ್ಲೆಟ್ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿ ಇದೆಯೇ ಎಂದು ನೋಡದೆ ಸೂಜಿ ಮುಟ್ಟಬಾರದು.

ಈಗ ಮುಖ್ಯ ಪ್ರಶ್ನೆ: ಕ್ರಿಯಾಟಿನಿನ್ 1.1 ಇದ್ದರೂ ಏಕೆ?

ಕ್ರಿಯಾಟಿನಿನ್ ತಡವಾಗಿ ಬಾಯಿ ಬಿಡುವ ಸಾಕ್ಷಿ. ಹತ್ತು ಎತ್ತುಗಳು ಎಳೆಯುವ ಭಾರವನ್ನು ಏಳು ಎತ್ತುಗಳು ಎಳೆದರೂ ಗಾಡಿ ಕೆಲಕಾಲ ಅದೇ ವೇಗದಲ್ಲಿ ಸಾಗುತ್ತದೆ. ಕಿಡ್ನಿಯ ಒಂದು ಭಾಗಕ್ಕೆ ಪೆಟ್ಟು ಬಿದ್ದಾಗ ಉಳಿದ ಭಾಗ ಅದರ ಕೆಲಸವನ್ನೂ ಹೊತ್ತುಕೊಳ್ಳುತ್ತದೆ. ರಕ್ತದ ಅಂಕಿ ಏರುವ ಹೊತ್ತಿಗೆ ಒಳಗೆ ಸಾಕಷ್ಟು ನಡೆದಿರುತ್ತದೆ. ಇನ್ನೊಂದು ವಿಷಯ, ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಡಯಾಲಿಸಿಸ್‌ನಲ್ಲಿ ಸೊರಗಿ ಸ್ನಾಯು ಕಳೆದುಕೊಂಡ ಹುಡುಗನ 1.1 ಮತ್ತು ದಷ್ಟಪುಷ್ಟ ಹುಡುಗನ 1.1 ಒಂದೇ ಅಲ್ಲ.

ಸಿಡ್ನಿಯ ವೆಸ್ಟ್‌ಮೀಡ್ ಆಸ್ಪತ್ರೆಯವರು 120 ಮಂದಿಯನ್ನು ಕಸಿಯ ದಿನದಿಂದ ಹತ್ತು ವರ್ಷದವರೆಗೆ ಹಿಂಬಾಲಿಸಿ, 961 ಬಯಾಪ್ಸಿ ತುಣುಕುಗಳನ್ನು ನೋಡಿದರು. ಮೊದಲ ವರ್ಷದಲ್ಲೇ ಕಿಡ್ನಿಯೊಳಗೆ ಮೂತ್ರ ಸಾಗುವ ಸಣ್ಣ ಕೊಳವೆಗಳು ಕುಗ್ಗಿ, ನಡುವೆ ನಾರು ತುಂಬಿಕೊಳ್ಳುವುದು ಶುರುವಾಗುತ್ತಿತ್ತು. ಅದಕ್ಕೆ ಒಂದು ಕಾರಣ, ಹೊರಗೆ ಸುಳಿವೇ ಕೊಡದ ರಿಜೆಕ್ಷನ್. ಅಂದಿನ ಔಷಧಗಳು ಬೇರೆ ಎಂಬುದು ನಿಜ. ನಾರಾದ ಭಾಗ ಮತ್ತೆ ಕಿಡ್ನಿಯಾಗುವುದಿಲ್ಲ ಎಂಬುದಂತೂ ಇಂದಿಗೂ ನಿಜ.

ಮಲಪ್ರಭಾ ಅವರ ಮಾತಿನಲ್ಲೂ ಹುರುಳಿದೆ. ಕೆನಡಾದ ವಿನ್ನಿಪೆಗ್‌ನಲ್ಲಿ ಡೇವಿಡ್ ರಶ್ ಮತ್ತು ಸಂಗಡಿಗರು 1998ರಲ್ಲಿ, ಗುಪ್ತ ರಿಜೆಕ್ಷನ್ನನ್ನು ಹುಡುಕಿ ಚಿಕಿತ್ಸೆ ಕೊಟ್ಟವರ ಕಿಡ್ನಿ ಹೆಚ್ಚು ಚೆನ್ನಾಗಿತ್ತು ಎಂದು ತೋರಿಸಿದರು. ಅದೇ ರಶ್ ಅವರು ಟ್ಯಾಕ್ರೊಲಿಮಸ್ ಮತ್ತು ಮೈಕೋಫೆನೊಲೇಟ್ ಪಡೆಯುವವರಲ್ಲಿ ಹಲವು ಕೇಂದ್ರಗಳನ್ನು ಸೇರಿಸಿ ಮತ್ತೆ ನೋಡಿದಾಗ, ಗುಪ್ತ ರಿಜೆಕ್ಷನ್ನೇ ಕಡಿಮೆಯಿತ್ತು. ಎಲ್ಲರಿಗೂ ಬಯಾಪ್ಸಿ ಮಾಡಿದ್ದರಿಂದ ಆರು ತಿಂಗಳಲ್ಲಿ ಲಾಭವೇನೂ ಕಾಣಲಿಲ್ಲ. ಹಾಗಾಗಿ ಕೆಲವು ಕೇಂದ್ರಗಳು ಎಲ್ಲರಿಗೂ ಮಾಡುತ್ತವೆ, ಕೆಲವು ಆರಿಸಿ ಮಾಡುತ್ತವೆ. ಎರಡೂ ಪ್ರಾಮಾಣಿಕ ದಾರಿಗಳೇ.

ಆದರೆ ನಿಮ್ಮ ಮಗನ ವಿಚಾರದಲ್ಲಿ ನನ್ನ ಒಲವು ಮಾಡಿಸುವ ಕಡೆಗೆ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. 9.4 ಇದ್ದ ಟ್ಯಾಕ್ರೊಲಿಮಸ್ 5.8ಕ್ಕೆ ಇಳಿದು ಮತ್ತೆ 10.1ಕ್ಕೆ ಏರಿದೆ. ಹೀಗೆ ಏರಿಳಿಯುವವರಲ್ಲಿ ರಿಜೆಕ್ಷನ್ ಹೆಚ್ಚು ಎಂಬುದು ಬಲ್ಲವರೆಲ್ಲ ಒಪ್ಪುವ ಮಾತು. ಇಳಿದ ದಿನಗಳಲ್ಲಿ ದೇಹ ಸುಮ್ಮನಿತ್ತೇ ಇಲ್ಲವೇ ಎಂಬುದನ್ನು ಅಂಗಾಂಶ ಮಾತ್ರ ಹೇಳಬಲ್ಲದು. ಎರಡನೆಯದಾಗಿ, ಮೂಲ ಕಾಯಿಲೆ ತಿಳಿದಿಲ್ಲ. ಐಜಿಎ ನೆಫ್ರೋಪತಿಯಂಥ ಕೆಲವು ಕಾಯಿಲೆಗಳು ಹೊಸ ಕಿಡ್ನಿಗೂ ಮರಳುತ್ತವೆ. ಬಯಾಪ್ಸಿ ತುಣುಕಿಗೆ ಇಮ್ಯುನೊಫ್ಲೊರೆಸೆನ್ಸ್ ಎಂಬ ಹೊಳೆಯುವ ಬಣ್ಣದ ಪರೀಕ್ಷೆ ಮಾಡಿಸಿದರೆ ಅದರ ಸುಳಿವು ಸಿಗುತ್ತದೆ. ಅವನ ಹಳೆಯ ಕಿಡ್ನಿಗಳು ಹೇಳದೇ ಹೋದದ್ದನ್ನು ಇದು ಮುಂದೊಂದು ದಿನ ಹೇಳಬಹುದು.

ಬಯಾಪ್ಸಿಯ ನಿಜವಾದ ಬೆಲೆ ಎಲ್ಲಿದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಪಿಎಎಸ್ ಎಂಬ ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಪ್ರತಿ ಕೊಳವೆಗೂ ಗುಲಾಬಿ ಅಂಚು ಕಾಣುತ್ತದೆ. ಲಿಂಫೊಸೈಟ್‌ಗಳು, ಅಂದರೆ ನಮ್ಮ ರಕ್ಷಣೆಯ ಬಿಳಿ ಕಣಗಳು, ಆ ಅಂಚನ್ನು ದಾಟಿ ಒಳನುಗ್ಗಿದ್ದರೆ ಒಂದು ಕೊಳವೆಯಲ್ಲಿ ಎಷ್ಟಿವೆ ಎಂದು ಎಣಿಸುತ್ತೇವೆ. ನಾಲ್ಕರವರೆಗೆ ಇದ್ದರೆ ಅಂಕ 1, ಐದರಿಂದ ಹತ್ತಾದರೆ 2, ಹತ್ತು ದಾಟಿದರೆ 3. ಇದು ರಿಜೆಕ್ಷನ್ ಇರಬಹುದು. ಹಾಗಿದ್ದರೆ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧ ಹೆಚ್ಚಿಸಬೇಕು. ಆದರೆ ಬಹಳ ಜನರ ದೇಹದಲ್ಲಿ ಸುಮ್ಮನಿರುವ ಬಿಕೆ ಎಂಬ ವೈರಸ್ ಕಿಡ್ನಿಯಲ್ಲಿ ತಲೆಯೆತ್ತಿದಾಗಲೂ ಹೆಚ್ಚುಕಡಿಮೆ ಇದೇ ನೋಟ. ಆಗ ಎಸ್‌ವಿ40 ಎಂಬ ಪರೀಕ್ಷೆ ಮಾಡಿದರೆ ವೈರಸ್ ಹೊಕ್ಕ ಜೀವಕೋಶಗಳ ಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಚಿಕಿತ್ಸೆ ತದ್ವಿರುದ್ಧ: ಔಷಧ ಕಡಿಮೆ ಮಾಡಬೇಕು. ಎರಡರಲ್ಲೂ ಕ್ರಿಯಾಟಿನಿನ್ ಒಂದೇ ರೀತಿ ಏರುತ್ತದೆ. ಊಹೆಯ ಮೇಲೆ ಔಷಧ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತಾಗಬಹುದು. ಟ್ಯಾಕ್ರೊಲಿಮಸ್ಸೇ ಹೆಚ್ಚಾಗಿ ಕಿಡ್ನಿಗೆ ಹಾನಿ ಮಾಡಿದರೂ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಅದರ ಗುರುತು ನಮಗೆ ಸಿಗುತ್ತದೆ.

ಪ್ರತಿಕಾಯಗಳಿಂದಾಗುವ ರಿಜೆಕ್ಷನ್ ಬೇರೆ. ಅದಕ್ಕೆ ಸಿ4ಡಿ ಎಂಬ ಪರೀಕ್ಷೆ, ಜೊತೆಗೆ ದಾನಿಯ ವಿರುದ್ಧ ಪ್ರತಿಕಾಯ ಇದೆಯೇ ಎಂಬ ರಕ್ತ ಪರೀಕ್ಷೆ ಬೇಕು. ಈಗ ಅಷ್ಟು ಆಳಕ್ಕೆ ಹೋಗುವ ಅಗತ್ಯವಿಲ್ಲ.

ಸಹಿ ಹಾಕುವ ಮೊದಲು ಡಾಕ್ಟರನ್ನು ಕೇಳಿ: ‘ವರದಿಯಲ್ಲಿ ಬಾರ್ಡರ್‌ಲೈನ್ ಎಂದು ಬಂದರೆ ನೀವು ಏನು ಮಾಡುತ್ತೀರಿ?’ ಸ್ಪಷ್ಟ ಉತ್ತರ ಇರುವಲ್ಲಿ ಮಾತ್ರ ಈ ಬಯಾಪ್ಸಿಗೆ ಅರ್ಥವಿದೆ. ನೋಡಿ ಕಡತದಲ್ಲಿಡುವುದಕ್ಕೆ ನಿಮ್ಮ ಮಗನನ್ನು ಚುಚ್ಚುವುದು ಬೇಡ. ಕಸಿಯ ದಿನವೇ ಕಿಡ್ನಿಯ ಒಂದು ತುಣುಕು ತೆಗೆದಿಟ್ಟಿದ್ದಾರೆಯೇ ಎಂದೂ ಕೇಳಿ. ನಿಮ್ಮ ವಯಸ್ಸಿಗೆ ಸಹಜವಾದ ಸಣ್ಣಪುಟ್ಟ ಕಲೆಗಳು ನಿಮ್ಮ ಕಿಡ್ನಿಯಲ್ಲಿ ಮೊದಲೇ ಇದ್ದಿರಬಹುದು. ಅದನ್ನು ಹೊಸ ಹಾನಿ ಎಂದು ಯಾರೂ ತಿಳಿಯಬಾರದು.

ದಾವಣಗೆರೆ ಅಮ್ಮ ಬರೆದದ್ದು:

ಮೇಡಂ, ನಿಮ್ಮ ಉತ್ತರವನ್ನು ಮಗನಿಗೂ ಅವರಪ್ಪನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಔಷಧ ಹೆಚ್ಚಿಸುವುದು, ಕಡಿಮೆ ಮಾಡುವುದು ಎರಡೂ ಆಗಬಹುದು ಎಂಬ ಮಾತು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಕೇಳಿದ ಮೇಲೆ ಮನಸ್ಸು ಒಂದು ಕಡೆಗೆ ಬಂತು.

ಇನ್ನೆರಡು ಸಂಶಯ. ರಕ್ತದಲ್ಲೇ ದಾನಿಯ ಡಿಎನ್‌ಎ ಅಳೆಯುವ ಹೊಸ ಪರೀಕ್ಷೆ ಇದೆ, ಸೂಜಿಯೇ ಬೇಡ ಎಂದು ಮಗ ಮೊಬೈಲಿನಲ್ಲಿ ಓದಿದ್ದಾನೆ. ಅದು ಆಗುವುದಿಲ್ಲವೇ? ಎರಡನೆಯದು, ಮಟ್ಟ ಏರಿಳಿಯುವುದು ಏಕಿರಬಹುದು? ಮಾತ್ರೆ ತಪ್ಪಿಸಿಲ್ಲ, ಸ್ಟೀಲ್ ಡಬ್ಬಿಯಲ್ಲಿ ಬೆಳಿಗ್ಗೆ ರಾತ್ರಿ ಎಂದು ನಾನೇ ಬೇರೆ ಮಾಡಿ ಇಡುತ್ತೇನೆ.

ತುಂಗಾತೀರ ಬರೆದದ್ದು:

ಅಮ್ಮ, ಮನೆಯಲ್ಲಿ ಚಕ್ಕೋತ ಹಣ್ಣು ತಿನ್ನುತ್ತಾನೆಯೇ? ನಮ್ಮ ತೋಟದಲ್ಲಿ ಮರವೇ ಇದೆ, ಕಸಿಯಾದ ಮೇಲೆ ನಾನು ಮುಟ್ಟುವ ಹಾಗಿಲ್ಲ. ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಿಬಿಡುತ್ತದೆ. ದಾಳಿಂಬೆಯ ವಿಚಾರವನ್ನೂ ಡಾಕ್ಟರನ್ನು ಕೇಳಿ. ಔಷಧದಂಗಡಿಯವರು ಪ್ರತಿ ತಿಂಗಳು ಒಂದೇ ಕಂಪನಿಯ ಮಾತ್ರೆ ಕೊಡುತ್ತಿದ್ದಾರೆಯೇ ಎಂದು ಪಟ್ಟಿಯ ಹಿಂಬದಿ ನೋಡಿ.

ಸ್ಲೈಡ್ ನೋಡುವವಳು ಬರೆದದ್ದು:

ತುಂಗಾತೀರ ಅವರು ಹೇಳಿದ ಎರಡೂ ಸರಿ. ಇನ್ನೂ ಒಂದು ಸೇರಿಸುತ್ತೇನೆ: ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗದೆ ಹೋಗುತ್ತಾನೆಯೇ? ರಾತ್ರಿಯ ಮಾತ್ರೆಯಾಗಿ 12 ಗಂಟೆಗೆ ರಕ್ತ ತೆಗೆಯಬೇಕು. ರಾತ್ರಿ ಎಂಟಕ್ಕೆ ನುಂಗಿ ಬೆಳಿಗ್ಗೆ ಹನ್ನೊಂದಕ್ಕೆ ರಕ್ತ ಕೊಟ್ಟರೆ ಮಟ್ಟ ಸುಳ್ಳೇ ಕಡಿಮೆ ತೋರಿಸುತ್ತದೆ, ಮಾತ್ರೆ ನುಂಗಿ ಹೋದರೆ ಸುಳ್ಳೇ ಹೆಚ್ಚು. ದಾವಣಗೆರೆಯಿಂದ ಬೆಳಗಿನ ರೈಲಿಗೆ ಹೊರಟು ಬೆಂಗಳೂರಿನಲ್ಲಿ ರಕ್ತ ಕೊಡುವವರಿಗೆ ಇದು ಸುಲಭವಾಗಿ ಆಗುವಂಥದ್ದು. ಹಿಂದಿನ ರಾತ್ರಿಯ ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಡಾಕ್ಟರನ್ನೇ ಕೇಳಿ. ಬೇಧಿ ಆದ ದಿನಗಳಲ್ಲೂ ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ. ಅಂಥದ್ದೇನಾದರೂ ಆಗಿತ್ತೇ ನೆನಪು ಮಾಡಿಕೊಳ್ಳಿ.

ಡಿಎನ್‌ಎ ಪರೀಕ್ಷೆ ಒಳ್ಳೆಯದೇ. ಕಸಿ ಕಿಡ್ನಿಯ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ಮಗನ ರಕ್ತಕ್ಕೆ ಸೇರುತ್ತವೆ, ಅವು ಎಷ್ಟಿವೆ ಎಂದು ಅಳೆಯುತ್ತಾರೆ. ಪೆಟ್ಟು ಬಿದ್ದಿದೆ ಎಂದು ಅದು ಹೇಳುತ್ತದೆ. ಪೆಟ್ಟು ಕೊಟ್ಟವರು ಯಾರು ಎಂದು ಹೇಳುವುದಿಲ್ಲ. ಅಂಕಿ ಹೆಚ್ಚು ಬಂದರೆ ಕೊನೆಗೆ ಬಯಾಪ್ಸಿಗೇ ಬರಬೇಕು. ದುಬಾರಿಯೂ ಹೌದು. ಒಂದೇ ಆಯ್ಕೆ ಎಂದಾದರೆ ಆ ಹಣವನ್ನು ಬಯಾಪ್ಸಿಯ ಎಲ್ಲ ಪರೀಕ್ಷೆಗಳು ಪೂರ್ತಿಯಾಗಿ ಆಗುವಂತೆ ನೋಡಿಕೊಳ್ಳಲು ಇಟ್ಟುಕೊಳ್ಳಿ.

ಹಾಗೆ ಪೂರ್ತಿ ಆಗಲು ತುಣುಕು ಸರಿಯಾಗಿರಬೇಕು. 1991ರಲ್ಲಿ ಕೆನಡಾದ ಬ್ಯಾನ್ಫ್ ಎಂಬ ಊರಿನಲ್ಲಿ ಸೇರಿದ್ದ ತಜ್ಞರಿಂದ ಶುರುವಾದ ನಿಯಮಗಳನ್ನೇ ಜಗತ್ತಿನೆಲ್ಲೆಡೆ ನಾವು ಪಾಲಿಸುತ್ತೇವೆ. ಕನಿಷ್ಠ 10 ಗ್ಲೊಮೆರುಲಸ್, 2 ಅಪಧಮನಿ ಇದ್ದರೆ ತುಣುಕು ಸಾಕಷ್ಟಿದೆ ಎಂದರ್ಥ. ಒಳ್ಳೆಯ ಕೇಂದ್ರಗಳಲ್ಲಿ ತುಣುಕು ತೆಗೆದ ಕೂಡಲೇ ಪಕ್ಕದಲ್ಲೇ ನಿಂತ ತಂತ್ರಜ್ಞರು ಅದನ್ನು ಸಲೈನ್ ಹನಿಯಲ್ಲಿ ಇಟ್ಟು ಸಣ್ಣ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಸುಕಾದ ಎಳೆಯಲ್ಲಿ ಕೆಂಪು ಚುಕ್ಕೆಗಳು ಕಂಡರೆ ಗ್ಲೊಮೆರುಲಸ್ ಸಿಕ್ಕಿತು ಎಂದರ್ಥ. ಚುಕ್ಕೆಯೇ ಇಲ್ಲದಿದ್ದರೆ ಕೊಬ್ಬೋ ಕಿಡ್ನಿಯ ಒಳಪದರವೋ ಬಂದಿದೆ ಎಂದು ಅಲ್ಲೇ ಹೇಳಿ ಇನ್ನೊಂದು ತುಣುಕು ತೆಗೆಸುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಹಾಗೆ ನೋಡುತ್ತಾರೆಯೇ ಎಂದು ಕೇಳಲು ಸಂಕೋಚ ಬೇಡ. ಎಲ್ಲ ಮುಗಿದು ವಾರದ ನಂತರ ‘ತುಣುಕು ಸಾಲದು’ ಎಂಬ ವರದಿ ಬರೆಯುವಾಗ ನನಗಾಗುವಷ್ಟು ಸಂಕಟ ಬೇರೆ ಯಾವ ವರದಿಯಲ್ಲೂ ಆಗುವುದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಮಾತ್ರೆಯನ್ನು ಮಗ ತೆಗೆದುಕೊಳ್ಳುತ್ತಿದ್ದರೆ ಈಗಲೇ ಡಾಕ್ಟರಿಗೆ ತಿಳಿಸಿ. ಸಾಮಾನ್ಯವಾಗಿ ಒಂದು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ಕಸಿಯಾದವರು ಹೇಗೂ ತಪ್ಪಿಸಬೇಕು. ಬಯಾಪ್ಸಿಯಾದ ಮೇಲೆ ಒಂದೆರಡು ವಾರ ಭಾರ ಎತ್ತುವುದು, ಬೈಕ್ ಓಡಿಸುವುದು ಬೇಡ. ಅದೇ ಸಂಜೆ ಊರಿಗೆ ಹೊರಡುವ ಯೋಚನೆಯನ್ನೂ ಬಿಡಿ, ಆ ರಾತ್ರಿ ಆಸ್ಪತ್ರೆಗೆ ಹತ್ತಿರದಲ್ಲೇ ಉಳಿಯಿರಿ.

ನಿಮ್ಮ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ದಾನಿಗಳೂ ವರ್ಷಕ್ಕೊಮ್ಮೆ ಬಿ.ಪಿ., ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಿಸಿಕೊಳ್ಳಬೇಕು. ಮಗನ ಜೊತೆ ಹೋದ ದಿನವೇ ನಿಮ್ಮದನ್ನೂ ಕೊಟ್ಟು ಬನ್ನಿ.

ವರದಿ ಬಂದ ಮೇಲೆ ಅದರಲ್ಲಿರುವ ಅಂಕಗಳನ್ನು ಇಲ್ಲಿ ಹಾಕಿ, ಬಿಡಿಸಿ ಹೇಳುತ್ತೇನೆ. ಮಗನ ಹೆಸರು, ಆಸ್ಪತ್ರೆಯ ಸಂಖ್ಯೆ ಕಾಣದಂತೆ ಮರೆಮಾಡಿ ಹಾಕಿ.

ದಾವಣಗೆರೆ ಅಮ್ಮ ಬರೆದದ್ದು:

ಆಗಲಿ ಮೇಡಂ. ರಕ್ತ ಕೊಡುವ ಹೊತ್ತಿನದೇ ವ್ಯತ್ಯಾಸ ಇರಬೇಕು. 5.8 ಬಂದ ದಿನ ರೈಲು ತಡವಾಗಿತ್ತು, ರಕ್ತ ತೆಗೆಯುವಾಗ ಹನ್ನೊಂದು ದಾಟಿತ್ತು. ಇದನ್ನೂ ಸೇರಿಸಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಸೋಮವಾರ ಹೋಗುತ್ತಿದ್ದೇವೆ. ನನ್ನ ರಕ್ತವನ್ನೂ ಅವತ್ತೇ ಕೊಡುತ್ತೇನೆ.